ಕಡಲಾಮೆ ಮೊಟ್ಟೆ ಮರಿಯಾಗದಿದ್ದಾಗ: ತಪ್ಪು ಎಲ್ಲಾಯಿತು ಎಂದು ಹುಡುಕುವ ಬಗೆ

ಅರವತ್ತು ದಿನ ಕಳೆದಿದೆ. ಗೂಡಿನ ಮೇಲಿನ ಮರಳು ಕುಸಿದಿಲ್ಲ. ರಾತ್ರಿ ಎರಡು ಸಲ ಟಾರ್ಚ್ ಹಿಡಿದು ಹೋಗಿ ನೋಡಿದ್ದೀರಿ, ಗೂಡಿನ ಮೇಲೆ ಮುಚ್ಚಿದ ಬುಟ್ಟಿಯೊಳಗೆ ಒಂದೂ ಮರಿ ಇಲ್ಲ. ಅಥವಾ ನೂರಕ್ಕೂ ಜಾಸ್ತಿ ಮೊಟ್ಟೆ ಇಟ್ಟ ಗೂಡಿನಿಂದ ಮೂವತ್ತು ಮರಿ ಬಂದು ಅಲ್ಲಿಗೇ ನಿಂತಿದೆ. ಹ್ಯಾಚರಿಯಲ್ಲಿ, ಅಂದರೆ ಮೊಟ್ಟೆಗಳನ್ನು ತಂದು ಹೂತು ಮರಿ ಮಾಡಿಸುವ ಬೇಲಿಯೊಳಗಿನ ಜಾಗದಲ್ಲಿ, ರಾತ್ರಿ ಕಾದವರಿಗೆಲ್ಲ ಈ ಸಂಕಟ ಗೊತ್ತು.

ಆಗ ಮೊದಲು ಬಾಯಿಗೆ ಬರುವ ಮಾತು, "ಮೊಟ್ಟೆಯೇ ಸರಿ ಇರಲಿಲ್ಲ." ನಾನೂ ಹೇಳಿದ್ದೇನೆ. ಆಮೇಲೆ ಸತ್ತ ಮೊಟ್ಟೆಗಳನ್ನು ಒಂದೊಂದಾಗಿ ಬಿಡಿಸಿ ನೋಡುವುದನ್ನು ಕಲಿತೆ. ಹೆಚ್ಚಿನ ಸಲ ತಪ್ಪು ಮೊಟ್ಟೆಯದ್ದಾಗಿರಲಿಲ್ಲ. ನಾವು ಅದಕ್ಕೆ ಕೊಟ್ಟ ಜಾಗದ್ದು, ಅದರಲ್ಲೂ ಆ ಜಾಗದ ಬಿಸಿಯದ್ದು. ಭ್ರೂಣ ಯಾವ ವಯಸ್ಸಿನಲ್ಲಿ ಸತ್ತಿದೆ ಎಂದು ಗೊತ್ತಾದರೆ ಕಾರಣದ ಮುಕ್ಕಾಲು ಭಾಗ ಸಿಕ್ಕ ಹಾಗೆ.

ಇದು ನಮ್ಮ ಕರಾವಳಿಗೆ ಬರುವ ಆಲಿವ್ ರಿಡ್ಲೆ ಆಮೆಯ ಮೊಟ್ಟೆಗಳ ಬಗ್ಗೆ ಬರೆದದ್ದು. ಕಾರವಾರ, ಹೊನ್ನಾವರ, ಕುಂದಾಪುರದ ಕಡೆ ಅಪಾಯದ ಜಾಗದಲ್ಲಿರುವ ಮೊಟ್ಟೆಗಳನ್ನು ಎತ್ತಿ ತಂದು ಬೇಲಿಯೊಳಗೆ ಹೂಳುವವರಿಗಾಗಿ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಆಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಮೊಟ್ಟೆ ಮುಟ್ಟಬೇಡಿ, ಗೂಡು ಅಗೆಯಬೇಡಿ. ಸತ್ತಿದೆ ಎಂದು ಖಾತ್ರಿಯಿದ್ದರೂ ಅಷ್ಟೇ.

ಮೊದಲು ಥರ್ಮಾಮೀಟರನ್ನೇ ಅನುಮಾನಿಸಿ

ನಮ್ಮಲ್ಲಿ ಕೋಳಿ ಕಾವಿಗೆ ಕೂರಿಸಿದವರು ಬಹಳ. ಆ ಅನುಭವ ಇಲ್ಲಿ ದಾರಿ ತಪ್ಪಿಸುತ್ತದೆ. ಕೋಳಿ ತನ್ನ ಮೈಬಿಸಿ ಕೊಡುತ್ತದೆ, ಮೊಟ್ಟೆಗಳನ್ನು ತಿರುವಿ ಹಾಕುತ್ತದೆ. ಆಮೆ ಮೊಟ್ಟೆಯಿಟ್ಟು ಮರಳು ಮುಚ್ಚಿ ಕಡಲಿಗೆ ಹೋಗಿಬಿಡುತ್ತದೆ. ಕಾವು ಕೊಡುವುದು ಮರಳು. ಹಾಗಾಗಿ ನಮಗೆ ಬೇಕಾದದ್ದು ಗಾಳಿಯ ಬಿಸಿಯಲ್ಲ, ಚಪ್ಪರದ ಕೆಳಗಿನ ಬಿಸಿಯೂ ಅಲ್ಲ. ಮೊಟ್ಟೆ ಇರುವ ಆಳದ ಬಿಸಿ, ಅಂದರೆ ಸುಮಾರು 45 ಸೆಂಟಿಮೀಟರ್ ಕೆಳಗಿನದ್ದು.

ಮೇಲಿನ ಮರಳು ಏಪ್ರಿಲ್ ಮಧ್ಯಾಹ್ನ ಬರಿಗಾಲು ಇಡಲಾಗದಷ್ಟು ಕಾದಿರುತ್ತದೆ, ಬೆಳಗಿನ ಜಾವ ತಣ್ಣಗಿರುತ್ತದೆ. ಮೊಟ್ಟೆಯ ಆಳದಲ್ಲಿ ಹಗಲು ರಾತ್ರಿಯ ಆ ಏರಿಳಿತ ಬಹಳ ಕಡಿಮೆ. ಆದರೆ ವಾರಗಟ್ಟಲೆ ಬಿಸಿಲು ಬಿದ್ದರೆ ಅಲ್ಲಿಯೂ ಬಿಸಿ ಮೆಲ್ಲಗೆ ಏರುತ್ತದೆ. ಒಮ್ಮೆ ಏರಿದರೆ ಒಂದು ರಾತ್ರಿಯಲ್ಲಿ ಇಳಿಯುವುದಿಲ್ಲ.

ನಾನು ಹೋಗುತ್ತಿದ್ದ ಹ್ಯಾಚರಿಯಲ್ಲಿ ಥರ್ಮಾಮೀಟರ್ ಬೇಲಿಯ ಕಂಬಕ್ಕೆ ಕಟ್ಟಿತ್ತು. ದಿನಾ ಬೆಳಿಗ್ಗೆ ಏಳಕ್ಕೆ ಓದಿ ಪುಸ್ತಕದಲ್ಲಿ ಬರೆಯುತ್ತಿದ್ದೆವು. ಮಾರ್ಚ್ ತಿಂಗಳಿಡೀ 28, 29 ಡಿಗ್ರಿ. ಎಲ್ಲ ಸರಿಯಾಗಿದೆ ಅಂದುಕೊಂಡಿದ್ದೆವು. ಒಂದು ಸಂಜೆ ಬಲೆ ಸರಿಮಾಡುತ್ತಾ ಕೂತಿದ್ದ ಅಜ್ಜರೊಬ್ಬರು ಕರೆದು, "ಹೊಯ್ಗಿ ಒಳ್ಗ್ ಕೈ ಹಾಕಿ ಕಾಣ್ ಮಗಾ" ಅಂದರು. ಗೂಡಿನ ಪಕ್ಕ ಖಾಲಿ ಜಾಗದಲ್ಲಿ ಮೊಣಕೈವರೆಗೆ ಅಗೆದು ಕೈ ಇಟ್ಟೆ. ಬಿಸಿ. ಥರ್ಮಾಮೀಟರ್ ಇಳಿಸಿದರೆ 34. ಅದು ಖಾಲಿ ಮರಳು. ಮೊಟ್ಟೆಗಳಿರುವ ಗೂಡಿನಲ್ಲಿ ಇನ್ನೂ ಜಾಸ್ತಿಯೇ ಇರುತ್ತದೆ, ಯಾಕೆಂದು ಮುಂದೆ ಹೇಳುತ್ತೇನೆ.

ಹಾಗಾಗಿ ಮೊದಲ ಹೆಜ್ಜೆ ಇದು. ಚೂರು ಮಾಡಿದ ಮಂಜುಗಡ್ಡೆಗೆ ಸ್ವಲ್ಪ ನೀರು ಸೇರಿಸಿ ಕಲಕಿ ಥರ್ಮಾಮೀಟರ್ ಅದ್ದಿ. ಸ್ವಲ್ಪ ಹೊತ್ತಿನ ನಂತರ 0 ತೋರಿಸಬೇಕು. ಒಂದೂವರೆ ಡಿಗ್ರಿ ಆಚೀಚೆ ತೋರಿಸುವ ಥರ್ಮಾಮೀಟರ್ ಅಡುಗೆಮನೆಗೆ ನಡೆದೀತು, ಇಲ್ಲಿ ನಡೆಯುವುದಿಲ್ಲ. ಇಲ್ಲಿ ಒಂದೂವರೆ ಡಿಗ್ರಿಯಲ್ಲಿ ಹೆಣ್ಣು ಗಂಡಾಗಬಹುದು, ಬದುಕಿದ್ದು ಸಾಯಬಹುದು. ನಂತರ ಅದನ್ನು ಮೊಟ್ಟೆಯ ಆಳಕ್ಕೆ ಇಳಿಸಿ. ತಾನೇ ಓದಿ ಉಳಿಸಿಕೊಳ್ಳುವ ಡೇಟಾ ಲಾಗರ್ ಸಿಕ್ಕರೆ ಮೊಟ್ಟೆ ಹೂಳುವಾಗಲೇ ರಾಶಿಯ ನಡುವೆ ಇಡಿ. ಹೂತ ಮೇಲೆ ಇಡಲು ಹೋಗಿ ಮೊಟ್ಟೆ ಅಲ್ಲಾಡಿಸಬೇಡಿ. ಲಾಗರ್ ಇಲ್ಲದಿದ್ದರೆ ಪ್ರತಿ ಸಾಲಿನಲ್ಲೂ ಒಂದು ಖಾಲಿ ಗುಂಡಿ ಅಷ್ಟೇ ಆಳಕ್ಕೆ ಮಾಡಿ, ಪೈಪ್ ಇಳಿಸಿ, ದಿನಕ್ಕೆರಡು ಸಲ ಅದರೊಳಗೆ ಅಳೆಯಿರಿ.

ದಿನ ಎಣಿಸಿ, ಅದೂ ಒಂದು ಥರ್ಮಾಮೀಟರ್

ಅಳತೆಯೇ ಇಟ್ಟಿಲ್ಲ, ಈಗೇನು ಮಾಡೋದು ಅಂತ ಕೈಚೆಲ್ಲಬೇಡಿ. ಮೊಟ್ಟೆಯಿಟ್ಟ ತಾರೀಖು ಬರೆದಿದ್ದೀರಿ ಅಲ್ವಾ? ಮೊದಲ ಮರಿ ಹೊರಬಂದ ತಾರೀಖೂ ಇದ್ದರೆ ಸಾಕು. ರಿಡ್ಲೆ ಮೊಟ್ಟೆ ಸಾಮಾನ್ಯವಾಗಿ 45ರಿಂದ 60 ದಿನ ತೆಗೆದುಕೊಳ್ಳುತ್ತದೆ. ಸರೀಸೃಪದ ಭ್ರೂಣ ತನ್ನ ಬಿಸಿ ತಾನೇ ಹಿಡಿದಿಟ್ಟುಕೊಳ್ಳಲಾರದು. ಮರಳು ಬಿಸಿಯಾದಷ್ಟು ಅದು ಬೇಗ ಬೆಳೆಯುತ್ತದೆ, ತಣ್ಣಗಾದರೆ ನಿಧಾನ. ಬಿಸಿ ಒಂದು ಡಿಗ್ರಿ ಇಳಿದರೆ ಮರಿಯಾಗುವುದು ನಾಲ್ಕೈದು ದಿನ ಮುಂದೆ ಹೋಗುತ್ತದೆ.

45, 46ನೇ ದಿನಕ್ಕೇ ಮರಿ ಬಂತು ಅಂದರೆ ಗೂಡು ಬಹಳ ಬಿಸಿಯಿತ್ತು. 60 ದಾಟಿದರೆ ತಂಪಿತ್ತು. ನವೆಂಬರ್, ಡಿಸೆಂಬರಿನಲ್ಲಿ ಹೂತ ಗೂಡು, ಮೇಲೆ ದಟ್ಟ ನೆರಳು ಇದ್ದರೆ 60 ದಾಟುವುದು ದೋಷವೇ ಅಲ್ಲ. ಕಾಯಿರಿ. ಒಡೆದ ಮೇಲೂ ಮರಿಗಳು ಒಟ್ಟಾಗಿ ಮರಳು ಕೊರೆದು ಮೇಲೆ ಬರಲು ಕೆಲವು ದಿನ ಬೇಕು. 60ನೇ ದಿನಕ್ಕೆ ತಾಳ್ಮೆ ಕಳೆದುಕೊಂಡು ಅಗೆದು, ಮೊಟ್ಟೆಯ ಹಳದಿ ಇನ್ನೂ ಹೊಟ್ಟೆಯೊಳಗೆ ಸೇರದ ಮರಿಗಳನ್ನು ಹೊರಗೆಳೆದದ್ದನ್ನು ನೋಡಿದ್ದೇನೆ. ಬಹಳ ಬೇಸರವಾಗುತ್ತದೆ. ಏನೂ ಸುಳಿವಿಲ್ಲದ ಗೂಡನ್ನು 70 ದಿನದವರೆಗೆ ಬಿಡಿ. ಮರಿ ಬಂದ ಗೂಡಾದರೆ ಕೊನೆಯ ಮರಿ ಬಂದು ಎರಡು ಮೂರು ದಿನದ ನಂತರ ಅಗೆಯಿರಿ.

ಸತ್ತ ಮೊಟ್ಟೆ ಬಿಡಿಸಿ ಓದುವುದು

ಗ್ಲೌಸ್ ಹಾಕಿಕೊಳ್ಳಿ, ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ವಾಸನೆ ಜೋರಿರುತ್ತದೆ. ಮೇಲಿನ ಪದರ, ನಡುವಿನದು, ತಳದ್ದು ಎಂದು ಮೂರು ರಾಶಿ ಮಾಡಿ. ಎಲ್ಲವನ್ನೂ ಒಟ್ಟಿಗೆ ಬಕೆಟ್ಟಿಗೆ ಸುರಿದರೆ ಅರ್ಧ ಸುಳಿವು ಅಲ್ಲೇ ಹೋಯಿತು. ಒಡೆದ ಖಾಲಿ ಚಿಪ್ಪು ಎಣಿಸಿ. ಉಳಿದವನ್ನು ಸಣ್ಣ ಕತ್ತರಿಯಿಂದ ಬಿಡಿಸಿ ನೋಡಿ: ಒಳಗೆ ಏನೂ ಕಾಣುತ್ತಿಲ್ಲವೋ, ಕಪ್ಪು ಕಣ್ಣಿನ ಚಿಕ್ಕ ಭ್ರೂಣವೋ, ಅರ್ಧ ಬೆಳೆದದ್ದೋ, ಅಥವಾ ಚಿಪ್ಪು, ರೆಕ್ಕೆಗಾಲು, ಬಣ್ಣ ಎಲ್ಲ ಬಂದ ಪೂರ್ತಿ ಮರಿಯೋ.

ಏನೂ ಕಾಣುತ್ತಿಲ್ಲ, ಅಥವಾ ಬರೀ ರಕ್ತದ ಗೆರೆ

ಇದನ್ನು "ಫಲವಾಗದ ಮೊಟ್ಟೆ" ಎಂದು ಬರೆದು ಮುಗಿಸುವುದು ಸುಲಭ. ಒಂದೆರಡು ಹಾಗಿರಬಹುದು. ಗೂಡಿನ ಅರ್ಧ ಹೀಗೇ ಇದ್ದರೆ ಮೊಟ್ಟೆ ತಂದ ರೀತಿಯನ್ನು ವಿಚಾರಿಸಿ.

ತಾಯಿಯ ಹೊಟ್ಟೆಯಲ್ಲಿದ್ದಾಗ ಭ್ರೂಣ ಬಹಳ ಚಿಕ್ಕ ಹಂತದಲ್ಲಿ ತಡೆದು ನಿಂತಿರುತ್ತದೆ. ಅಲ್ಲಿ ಆಮ್ಲಜನಕ ಕಡಿಮೆ. ಮೊಟ್ಟೆ ಹೊರಬಂದು ಗಾಳಿ ತಾಗಿದ ಮೇಲೆ ಬೆಳವಣಿಗೆ ಮತ್ತೆ ಶುರುವಾಗುತ್ತದೆ. ಭ್ರೂಣದ ಪೊರೆ ಮೇಲ್ಭಾಗದ ಚಿಪ್ಪಿಗೆ ಅಂಟಿಕೊಳ್ಳುತ್ತದೆ. ಮೊಟ್ಟೆಯ ಮೇಲೆ ಸುಣ್ಣದಂಥ ಬಿಳಿ ಮಚ್ಚೆ ಕಾಣಿಸುವುದು ಅಲ್ಲೇ. ಹೀಗೆ ಅಂಟಿದ ಮೇಲೆ ಮೊಟ್ಟೆ ಉರುಳಿದರೆ ಪೊರೆ ಹರಿಯುತ್ತದೆ, ಭ್ರೂಣ ಸಾಯುತ್ತದೆ. ಕೋಳಿಮೊಟ್ಟೆ ತಿರುವದಿದ್ದರೆ ಹಾಳು, ಆಮೆಮೊಟ್ಟೆ ತಿರುವಿದರೆ ಹಾಳು.

ಹಾಗಾಗಿ ಕೇಳಬೇಕಾದ ಪ್ರಶ್ನೆ: ಆಮೆ ಮೊಟ್ಟೆಯಿಟ್ಟು ಎಷ್ಟು ಹೊತ್ತಿಗೆ ಎತ್ತಿದಿರಿ? ಎರಡು ಮೂರು ಗಂಟೆಯೊಳಗೆ ಹೂತರೆ ಒಳ್ಳೆಯದು. ರಾತ್ರಿ ಹನ್ನೊಂದಕ್ಕೆ ಇಟ್ಟದ್ದನ್ನು ಬೆಳಿಗ್ಗೆ ಎಂಟಕ್ಕೆ ಕಂಡು, ಬಕೆಟ್ಟಿನಲ್ಲಿ ಹಾಕಿ, ಬಿಸಿಲಲ್ಲಿ ಬೈಕಿನ ಹಿಂದೆ ಕುಲುಕಿಸಿಕೊಂಡು ತಂದರೆ ಉರುಳಿದ್ದೂ ಆಯಿತು, ಕಾದದ್ದೂ ಆಯಿತು. ತಡವಾಗಿ ಸಿಕ್ಕ ಗೂಡನ್ನು ಅಲ್ಲೇ ಬಿಟ್ಟು ಬೇಲಿ ಕಟ್ಟಿ ಕಾಯಲು ಸಾಧ್ಯವೇ ನೋಡಿ. ಎತ್ತಲೇಬೇಕಾದರೆ ಪ್ರತಿ ಮೊಟ್ಟೆಯ ಮೇಲ್ಭಾಗಕ್ಕೆ ಪೆನ್ಸಿಲಿನಿಂದ ಮೆಲ್ಲಗೆ ಗುರುತು ಹಾಕಿ, ಅದೇ ಭಾಗ ಮೇಲಿರುವಂತೆ ಇಡಿ.

ಅರ್ಧ ಬೆಳೆದು ಸತ್ತದ್ದು

ತಳದ ಪದರದಲ್ಲೇ ಜಾಸ್ತಿ ಸತ್ತು, ಮರಳು ಒದ್ದೆಯಿದ್ದರೆ ನೀರು. ಮೊಟ್ಟೆ ಚಿಪ್ಪಿನ ಮೂಲಕ ಉಸಿರಾಡುತ್ತದೆ. ಮರಳಿನ ಕಣಗಳ ನಡುವೆ ನೀರು ತುಂಬಿದರೆ ಉಸಿರು ಕಟ್ಟುತ್ತದೆ. ದೊಡ್ಡ ಅಲೆ ನುಗ್ಗಿದ ದಿನ, ಮುಂಗಾರಿಗೆ ಮುಂಚಿನ ಮಳೆ ಬಿದ್ದ ದಿನ ಪುಸ್ತಕದಲ್ಲಿದೆಯೇ ನೋಡಿ. ಭ್ರೂಣದ ವಯಸ್ಸೂ ಆ ತಾರೀಖೂ ಹೊಂದಿದರೆ ಕಾರಣ ಸಿಕ್ಕಿತು.

ಬೂಷ್ಟು ಹಿಡಿದಿದ್ದರೆ ಅದೇ ಕೊಂದಿತು ಎಂದು ಕೂಡಲೇ ತೀರ್ಮಾನಿಸಬೇಡಿ. ಸತ್ತ ಮೊಟ್ಟೆಯ ಮೇಲೂ ಬೂಷ್ಟು ಬೆಳೆಯುತ್ತದೆ. ಫ್ಯುಸೇರಿಯಂ ಜಾತಿಯ ಶಿಲೀಂಧ್ರಗಳು ಜೀವಂತ ಮೊಟ್ಟೆಗೂ ಹತ್ತುತ್ತವೆ ಎನ್ನುವುದು ನಿಜ. ಹೋದ ವರ್ಷದ ಕೊಳೆತ ಚಿಪ್ಪು ಇರುವ ಅದೇ ಮರಳಿನಲ್ಲಿ ಮತ್ತೆ ಹೂತಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಪ್ರತಿ ಋತುವಿಗೂ ಜಾಗ ಬದಲಿಸಿ, ಇಲ್ಲವೇ ಮರಳು ಬದಲಿಸಿ.

ಪೂರ್ತಿ ಬೆಳೆದ ಮರಿ ಒಳಗೇ ಸತ್ತಿದೆ

ನೋಡಲು ಬಹಳ ಕಷ್ಟವಾಗುವುದು ಇದೇ. ಕಣ್ಣು, ಕೊಕ್ಕು, ಉಗುರು ಎಲ್ಲ ಇರುತ್ತದೆ. ಒಂದು ವಾರ ಬದುಕಿದ್ದರೆ ಕಡಲಿಗೆ ಹೋಗುತ್ತಿತ್ತು. ಬಿಸಿಯ ಕೈವಾಡ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದೂ ಇಲ್ಲೇ.

ಗೂಡಿನಲ್ಲಿ ನೂರು ಭ್ರೂಣಗಳಿವೆ. ಚಿಕ್ಕವಿದ್ದಾಗ ಅವುಗಳಿಂದ ಹೊರಬರುವ ಬಿಸಿ ಲೆಕ್ಕಕ್ಕಿಲ್ಲ. ಕೊನೆಯ ಮೂರನೇ ಒಂದು ಭಾಗದ ದಿನಗಳಲ್ಲಿ ಅವು ದೊಡ್ಡದಾಗಿ, ಜೋರಾಗಿ ಉಸಿರಾಡಿ, ಮೈಯಿಂದ ಬಿಸಿ ಬಿಡುತ್ತವೆ. ಆಗ ಗೂಡು ಸುತ್ತಲಿನ ಮರಳಿಗಿಂತ ಒಂದರಿಂದ ಮೂರು ಡಿಗ್ರಿ ಬಿಸಿಯಾಗುತ್ತದೆ, ಕೆಲವು ಸಲ ಇನ್ನೂ ಜಾಸ್ತಿ. ರಾಶಿಯ ನಡುಭಾಗ ಅಂಚಿಗಿಂತ ಬಿಸಿ. ಆಮ್ಲಜನಕ ಬೇಕಾಗುವುದೂ ಆಗಲೇ ಹೆಚ್ಚು. ಖಾಲಿ ಗುಂಡಿಯಲ್ಲಿ 34 ಓದಿದ ದಿನ ನನಗೆ ಭಯವಾದದ್ದು ಅದಕ್ಕೇ. ಒಳಗೆ 35 ದಾಟಿರುತ್ತದೆ. ಬಿಸಿ 35ರ ಮೇಲೆ ದಿನಗಟ್ಟಲೆ ನಿಂತರೆ ರಿಡ್ಲೆ ಭ್ರೂಣ ಉಳಿಯುವುದು ಕಷ್ಟ. ಕೋಸ್ಟರಿಕಾದ ಒಸ್ಟಿಯೋನಾಲ್ ದಂಡೆಯಲ್ಲಿ ರಿಡ್ಲೆಗಳು ಸಾವಿರಗಟ್ಟಲೆ ಒಟ್ಟಿಗೆ ಬಂದು ಮೊಟ್ಟೆಯಿಡುತ್ತವೆ. ಅಲ್ಲಿನ ಅಧ್ಯಯನದಲ್ಲೂ ಇದೇ ಗಡಿ ಕಂಡಿದೆ.

ನಮ್ಮ ಹ್ಯಾಚರಿಯ ತಪ್ಪು ಸಿಕ್ಕಿದ್ದು ನಕ್ಷೆಯಿಂದ. ಯಾವ ಗೂಡು ಎಲ್ಲಿದೆ ಎಂದು ಹಾಳೆಯ ಮೇಲೆ ಚೌಕ ಹಾಕಿ, ಪೂರ್ತಿ ಬೆಳೆದು ಸತ್ತ ಮರಿಗಳು ಜಾಸ್ತಿಯಿದ್ದ ಗೂಡಿಗೆ ಕೆಂಪು ಗುರುತು ಮಾಡಿದೆವು. ಕೆಂಪು ಪೂರಾ ಪಶ್ಚಿಮದ ಸಾಲಿಗೆ ಬಿತ್ತು. ಚಪ್ಪರ ಇತ್ತಲ್ಲ, ತೆಂಗಿನ ಮಡಲು ಹೊದಿಸಿದ್ದೆವಲ್ಲ ಎಂದು ತಲೆ ಕೆರೆದುಕೊಂಡೆವು. ಮಧ್ಯಾಹ್ನ ಹನ್ನೆರಡಕ್ಕೆ ನೋಡಿದರೆ ಎಲ್ಲ ಗೂಡಿಗೂ ನೆರಳು. ನಾಲ್ಕಕ್ಕೆ ಹೋಗಿ ನೋಡಿದರೆ ಕಡಲ ಕಡೆಯಿಂದ ಓರೆ ಬಿಸಿಲು ಚಪ್ಪರದ ಅಡಿಗೇ ನುಗ್ಗುತ್ತಿತ್ತು. ನಮ್ಮದು ಪಶ್ಚಿಮಕ್ಕೆ ಮುಖ ಮಾಡಿದ ದಂಡೆ. ಸಂಜೆ ಸೂರ್ಯನಿಗೆ ಅಡ್ಡ ಏನೂ ಇಲ್ಲ. ದಿನಾ ಮೂರು ಗಂಟೆ ಬಿಸಿಲು ಕುಡಿದ ಮರಳು ಅದು. ನೆರಳನ್ನು ಮಧ್ಯಾಹ್ನ ಪರೀಕ್ಷಿಸಿದರೆ ಸಾಲದು, ಮೂರರಿಂದ ಆರರವರೆಗೆ ಅಲ್ಲೇ ನಿಂತು ನೋಡಿ.

ಪಶ್ಚಿಮಕ್ಕೆ ಹೆಣೆದ ಮಡಲಿನ ತಟ್ಟಿ ಕಟ್ಟಿದೆವು, ಗಾಳಿಯಾಡಲು ಕೆಳಗೆ ಒಂದು ಅಡಿ ಬಿಟ್ಟು. ಬಿಸಿ ಇಳಿಯಲು ಒಂದು ವಾರವೇ ಬೇಕಾಯಿತು. ಅಷ್ಟು ಕಾಯಲಾಗದಿದ್ದರೆ ಸಂಜೆ ಗೂಡಿನ ಸುತ್ತ ಸಿಹಿನೀರು ಚಿಮುಕಿಸಬಹುದು. ಚಿಮುಕಿಸುವುದು ಅಷ್ಟೇ, ಗಿಡಕ್ಕೆ ಹೊಯ್ದ ಹಾಗೆ ಹೊಯ್ಯಬಾರದು. ಬಿಸಿಯಿಂದ ಉಳಿಸಲು ಹೋಗಿ ಉಸಿರು ಕಟ್ಟಿಸಿದಂತಾಗುತ್ತದೆ.

ನೆರಳು ಸರಿಯಿದ್ದೂ ಹೀಗಾಗಿದ್ದರೆ ಗೂಡುಗಳ ನಡುವಿನ ಅಂತರ ಅಳೆಯಿರಿ. ಒಂದು ಮೀಟರ್ ಬೇಕು. ಜಾಗವಿಲ್ಲವೆಂದು ಹತ್ತಿರ ಹತ್ತಿರ ಹೂತರೆ ಒಂದರ ಬಿಸಿ ಇನ್ನೊಂದಕ್ಕೆ. ಎರಡು ಗೂಡಿನ ಮೊಟ್ಟೆಯನ್ನು ಒಂದೇ ಗುಂಡಿಗೆ ಹಾಕುವುದಂತೂ ಬೇಡವೇ ಬೇಡ. ಗುಂಡಿಯ ಆಳ ಕಡಿಮೆಯಾಗಿದೆಯೇ ಎಂದೂ ನೋಡಿ. ರಾತ್ರಿ ಎರಡಕ್ಕೆ ಸುಸ್ತಾಗಿ ಅಗೆದ ಗುಂಡಿ 30 ಸೆಂಟಿಮೀಟರಿಗೇ ನಿಂತಿರುವುದುಂಟು.

ಎಲ್ಲ ಮರಿಯೂ ಬಂದಿದೆ, ಆದರೂ ದೋಷ ಇರಬಹುದು

ಇದನ್ನು ಯಾರೂ ದೋಷ ಎಂದು ಹುಡುಕುವುದಿಲ್ಲ. ನನಗೆ ಹೆಚ್ಚು ಚಿಂತೆಯಾಗುವುದು ಇದೇ.

ಕಡಲಾಮೆಗೆ ಗಂಡು ಹೆಣ್ಣು ತೀರ್ಮಾನಿಸುವ ವರ್ಣತಂತುಗಳಿಲ್ಲ. ಮರಳಿನ ಬಿಸಿಯೇ ತೀರ್ಮಾನಿಸುತ್ತದೆ. ಸುಮಾರು 30 ಡಿಗ್ರಿಯ ಆಸುಪಾಸು ಗಂಡು ಹೆಣ್ಣು ಬೆರೆತು ಬರುತ್ತವೆ. ಅಲ್ಲಿಂದ ಒಂದೆರಡು ಡಿಗ್ರಿ ಮೇಲೆ ಹೋದರೆ ಎಲ್ಲವೂ ಹೆಣ್ಣು, ಕೆಳಗೆ ಬಂದರೆ ಎಲ್ಲವೂ ಗಂಡು. ಅರೊಮಟೇಸ್ ಎಂಬ ಕಿಣ್ವ ಗಂಡು ಹಾರ್ಮೋನನ್ನು ಹೆಣ್ಣು ಹಾರ್ಮೋನಾಗಿ ಬದಲಿಸುತ್ತದೆ. ಬಿಸಿಯಲ್ಲಿ ಅದರ ಕೆಲಸ ಜೋರು. ಇದು ನಡೆಯುವುದು ಮೊಟ್ಟೆಯ ನಡುವಿನ ಮೂರನೇ ಒಂದು ಭಾಗದ ದಿನಗಳಲ್ಲಿ. 51 ದಿನದ ಗೂಡಾದರೆ ಸುಮಾರು 17ರಿಂದ 34ನೇ ದಿನ. ಹಾಗಾಗಿ ಇಡೀ ಗೂಡಿನ ಸರಾಸರಿ ಬಿಸಿ ತೆಗೆದು ಲಿಂಗ ಊಹಿಸಬೇಡಿ, ಆ ದಿನಗಳದ್ದು ಮಾತ್ರ ನೋಡಿ. ಮರಿಯ ಹೊರಮೈ ನೋಡಿ ಗಂಡೋ ಹೆಣ್ಣೋ ಹೇಳಲು ಬರುವುದಿಲ್ಲ. ಬಿಸಿಯ ದಾಖಲೆಯೊಂದೇ ನಮಗಿರುವ ದಾರಿ.

ಬಿಸಿಯಿಂದ ಲಿಂಗ ತೀರ್ಮಾನವಾಗುತ್ತದೆ ಎಂದು ಮೊದಲು ತೋರಿಸಿದವರು ಮ್ಯಾಡಲೀನ್ ಶಾರ್ನಿಯೇ ಎಂಬ ವಿಜ್ಞಾನಿ. 1966ರಲ್ಲಿ, ಸೆನೆಗಲ್‌ನ ಡಕಾರಿನಲ್ಲಿ, ಅಗಾಮ ಎಂಬ ಓತಿಯ ಮೊಟ್ಟೆಯಲ್ಲಿ. ಅದು ಕಡಲಾಮೆ ಕಾಯುವವರ ಕಿವಿಗೆ ಮುಟ್ಟಲು ಸಮಯ ಹಿಡಿಯಿತು. 1978ರಿಂದ ಮೆಕ್ಸಿಕೋದ ಕೆಂಪ್ಸ್ ರಿಡ್ಲೆ ಎಂಬ ಇನ್ನೊಂದು ಜಾತಿಯ ಕಡಲಾಮೆಯ ಮೊಟ್ಟೆಗಳನ್ನು ಅಮೆರಿಕದ ಟೆಕ್ಸಾಸಿನ ಪಾಡ್ರೆ ದ್ವೀಪಕ್ಕೆ ತಂದು ಥರ್ಮಾಕೋಲ್ ಪೆಟ್ಟಿಗೆಗಳಲ್ಲಿ ಮರಿ ಮಾಡಿಸಿದರು. ಮರಿ ಚೆನ್ನಾಗಿಯೇ ಬಂದವು. ಪೆಟ್ಟಿಗೆ ದಂಡೆಗಿಂತ ತಂಪಿತ್ತು, ಮೊದಲ ವರ್ಷಗಳ ಮರಿಗಳಲ್ಲಿ ಗಂಡೇ ಜಾಸ್ತಿಯಾಯಿತು. ಮುಂದೆ ಬಂದು ಮೊಟ್ಟೆಯಿಡಬೇಕಾದದ್ದು ಹೆಣ್ಣು ಅಲ್ವಾ? ಕಾರಣ ತಿಳಿದ ಮೇಲೆ ಬಿಸಿ ಹೆಚ್ಚಿಸಿದರು, ಹೆಣ್ಣು ಹೆಚ್ಚಿದವು. ಈಗಿನ ಕಾಲದ ಅಪಾಯ ಇನ್ನೊಂದು ತುದಿಯದ್ದು. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಉತ್ತರದ ಬಿಸಿ ದಂಡೆಗಳಿಂದ ಬಂದ ಎಳೆಯ ಹಸಿರು ಕಡಲಾಮೆಗಳಲ್ಲಿ ನೂರಕ್ಕೆ 99 ಹೆಣ್ಣು ಎಂದು 2018ರಲ್ಲಿ ಪ್ರಕಟವಾಯಿತು.

ಹಾಗಾಗಿ ತಟ್ಟಿ ಕಟ್ಟಿದ ಸಂಭ್ರಮದಲ್ಲಿ ಇಡೀ ಹ್ಯಾಚರಿಯನ್ನು ನವೆಂಬರಿನಿಂದಲೇ ಕತ್ತಲು ಮಾಡಬೇಡಿ. ತಂಪು ತಿಂಗಳಲ್ಲಿ ಮಡಲು ತೆಗೆದಿಡಿ. ಫೆಬ್ರವರಿಯಿಂದ ಗುಂಡಿಯ ಅಳತೆ ನೋಡುತ್ತಾ ಒಂದೊಂದೇ ಸಾಲಿಗೆ ಹೊದಿಸಿ. ಬೇಲಿಯ ಹೊರಗೆ, ಆಮೆಗಳು ತಾವೇ ಗೂಡು ಮಾಡುವ ಜಾಗದಲ್ಲಿ ಒಂದು ಅಳತೆಯ ಗುಂಡಿ ಇಟ್ಟುಕೊಳ್ಳಿ. ಅಲ್ಲಿಯ ಬಿಸಿಗೂ ನಿಮ್ಮ ಬೇಲಿಯೊಳಗಿನ ಬಿಸಿಗೂ ಒಂದು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಮರಿಗಳ ಲಿಂಗವನ್ನು ನಿಮಗರಿವಿಲ್ಲದೆ ನೀವೇ ಬದಲಿಸುತ್ತಿದ್ದೀರಿ.

ಈ ಲೆಕ್ಕವನ್ನು ಮೊಸಳೆಗೆ ಹಾಕಬೇಡಿ. ದಾಂಡೇಲಿಯ ಕಾಳಿ ನದಿಯಲ್ಲಿ, ರಂಗನತಿಟ್ಟಿನಲ್ಲಿ ಕಾಣುವ ಜೌಗು ಮೊಸಳೆಯ ಮೊಟ್ಟೆ ಗಂಡಾಗುವುದು 32.5 ಡಿಗ್ರಿಯ ಸುತ್ತಮುತ್ತ. ಅದಕ್ಕಿಂತ ತಂಪಿದ್ದರೂ ಹೆಣ್ಣು, ಬಿಸಿಯಿದ್ದರೂ ಹೆಣ್ಣಿನ ಕಡೆಗೇ ವಾಲುತ್ತದೆ.

ಮರಿ ಬಂತು, ನಡೆಯಲು ತ್ರಾಣವಿಲ್ಲ

ಕೊನೆಯದಾಗಿ ಇದನ್ನು ಗಮನಿಸಿ. ಬಿಸಿ ಜಾಸ್ತಿಯಾದ ಗೂಡಿನ ಮರಿ ಚಿಕ್ಕದಿರುತ್ತದೆ. ಹಳದಿಯನ್ನು ಮೈಯಾಗಿಸಿಕೊಳ್ಳಲು ಅದಕ್ಕೆ ದಿನ ಸಾಲುವುದಿಲ್ಲ. ನೀರಿನ ಕಡೆ ನಿಧಾನ ತೆವಳುತ್ತದೆ. ಮಗುಚಿ ಬಿದ್ದರೆ ತಿರುಗಿ ಏಳಲು ಹೆಣಗುತ್ತದೆ. ಬೆನ್ನಿನ ಚಿಪ್ಪಿನ ಹಲಗೆಗಳು ವಕ್ರವಾಗಿ ಜೋಡಿಸಿದ ಹಾಗೆ ಇರುವುದೂ ಉಂಟು. ಒಂದೆರಡು ಮರಿ ಹೀಗಿದ್ದರೆ ಬಿಡಿ. ಗೂಡಿನ ಹೆಚ್ಚಿನವು ಹೀಗಿದ್ದು, ದಿನದ ಲೆಕ್ಕವೂ 46, 47 ಬರುತ್ತಿದ್ದರೆ ಸತ್ತ ಮೊಟ್ಟೆ ಬಿಡಿಸುವವರೆಗೆ ಕಾಯಬೇಡಿ. ಅದೇ ಸಾಲಿನಲ್ಲಿ ಇನ್ನೂ ಒಡೆಯದ ಗೂಡುಗಳಿವೆ. ಇವತ್ತು ಸಂಜೆ ನಾಲ್ಕಕ್ಕೇ ಅಲ್ಲಿಯ ಗುಂಡಿಗೆ ಥರ್ಮಾಮೀಟರ್ ಇಳಿಸಿ.